ದೀಪದ ಕುಳಿ

ಮೋಡ ಚೆನ್ನಾಗಿದೆ ಫೋಟೋದಲ್ಲಿ, ಬೆಟ್ಟಕ್ಕೆ ಒರಗಿ ನಿಂತಿದೆ, ಕೆಳಗೊಂದು ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ ಹುಡುಗಿ, ಅವಳ ಪಕ್ಕ ಒಂದು ಕಪ್ಪು ಚುಕ್ಕೆ — ಏನದು, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಬೇಡ, ಮೊದಲು ಬೆಟ್ಟ ನೋಡೋಣ. ಮಗಳು ಸ್ಪಂದನಾ ಗೆಳತಿಯರ ಜೊತೆ ಹೋಗಲು ಆರಿಸಿದ ಹೋಂಸ್ಟೇ, ಅಮ್ಮಾ ಎಷ್ಟ್ ಚೆನ್ನಾಗಿದೆ ನೋಡು, ಚೆಟ್ಟಳ್ಳಿ ಹತ್ರ ಅಂತ ಹಾಕಿದಾರೆ, ಸರಿಯಾಗಿ ಎಲ್ಲಿ ಅಂತ ಬುಕ್ ಮಾಡಿದ್ಮೇಲೇ ಹೇಳೋದಂತೆ. ಚೆಟ್ಟಳ್ಳಿಯಂತೆ ಚೆಟ್ಟಳ್ಳಿ! ಅಲ್ಲಿಂದ ಪುಷ್ಪಗಿರಿ ಇಷ್ಟು ಹತ್ತಿರ ಕಾಣುವುದುಂಟೇ? ಇದು ಸೋಮವಾರಪೇಟೆಯಾಚೆ, ನನ್ನ ತವರಿನ ಕಡೆ. ಇರಲಿ, ಆದರೆ ಆ ಕಲ್ಲು ಅವ್ವನ ಸಮಾಧಿಯದಲ್ಲ, ಅಲ್ಲವೇ ಅಲ್ಲ, ಅಲ್ಲ ಎಂದು ಗೊತ್ತಾದರೆ ಸಾಕು, ಅದಕ್ಕೇ ಹುಡುಕುತ್ತಿದ್ದೇನೆ. ತೋಟ ಮಾರುವಾಗ ತಮ್ಮ ಅನಿಲ್‌ಕುಮಾರ್ ಕೈ ಹಿಡಿದುಕೊಂಡು ಹೇಳಿದ್ದ, ಅಕ್ಕಾ, ಅವ್ವನ್ನ ಕೂರ್ಸಿರೋ ಜಾಗ ಬಿಟ್ಟೇ ಮಾರ್ತಿರೋದು ಕಣೇ, ಸುತ್ತ ಬೇಲಿ ಹಾಕ್ಸಿದೀನಿ, ಅಷ್ಟೂ ಗೊತ್ತಾಗಲ್ವಾ ನಂಗೆ — ನಂಬಿ ಸಹಿ ಹಾಕಿದೆ. ನಮ್ಮಲ್ಲಿ ಸುಡುವುದಿಲ್ಲ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ಗಟ್ಟಿ ಜೋಡಿಸಿ, ಕೂರಿಸಿ ಮಣ್ಣು ಮಾಡುತ್ತೇವೆ. ಅವ್ವ ಚನ್ನಬಸಮ್ಮ ತಾನು ನೆಟ್ಟ ಕಾಫಿ ಗಿಡಗಳ ನಡುವೆ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದಾಳೆ.

ಫೋಟೋ ಹಾಕಿ ಅದೇ ತರದ ಫೋಟೋ ಹುಡುಕುವುದನ್ನು ಸ್ಪಂದನಾಳೇ ಕಲಿಸಿದ್ದು, ಹಾಕಿದೆ, ಬಂದು ಹೋದವರು ತೆಗೆದವೆಲ್ಲ ಸಾಲಾಗಿ ಬಂದವು, ಒಂದರಲ್ಲಿ ಕೆಂಪು ಶೀಟಿನ ಮನೆ, ನೀರಿನ ಟ್ಯಾಂಕು, ಹಿಂದೆ ತೋಟದ ನೆರಳಿಗೆ ನೆಡುವ ಸಿಲ್ವರ್ ಮರಗಳು — ನೇರ ಹೋದ ಸಾಲು ಒಂದು ಕಡೆ ಬಾಗುತ್ತದೆ. ಬಂಡೆ ಅಡ್ಡ ಬಂತೆಂದು ಅಪ್ಪ ಬಾಗಿಸಿ ನೆಟ್ಟ ಸಾಲು. ಫೋನ್ ಮಾಡಿದರೆ ಅನಿಲ ನಗುತ್ತಾನೆ, ಬಿಡಕ್ಕಾ, ಕೊಡಗಲ್ಲಿ ಸಿಲ್ವರ್ ಮರಕ್ಕೂ ಕಲ್ಲಿಗೂ ಬರವಾ, ನಿಂಗೆ ಮಾಡಕ್ಕೆ ಬೇರೆ ಕೆಲ್ಸ ಇಲ್ಲ. ಹೌದಪ್ಪ, ಇಲ್ಲ, ನಿನಗಿದೆಯಲ್ಲ ಬೇಕಾದಷ್ಟು. ಉಪಗ್ರಹದ ನಕ್ಷೆ ತೆರೆದು ಬೆರಳಲ್ಲೇ ತವರಿಗೆ ಹೊರಟೆ, ಪೇಟೆ ದಾಟಿ, ಹಳ್ಳ ದಾಟಿ, ಏರು ಹತ್ತಿ, ಇದಾಗದಿರಲಿ ಶಿವನೇ, ಇದಾಗದಿರಲಿ — ಬಾಗಿದ ಸಾಲು, ಕೆಂಪು ಶೀಟು, ಟ್ಯಾಂಕು. ಬೇಲಿ ಎಲ್ಲಿ? ಹಳೆಯ ವರ್ಷದ ಚಿತ್ರಕ್ಕೆ ಸರಿಸಿದೆ, ನಮ್ಮ ಹೆಂಚಿನ ಮನೆ, ಕಾಫಿ ಒಣಗಿಸುವ ಕಣ, ಕಣದಾಚೆ ಅವ್ವನ ತಲೆಯ ಮೇಲಿನ ಬಿಲ್ವದ ಮರ. ಈ ವರ್ಷಕ್ಕೆ ಬಂದರೆ ಮರವಿಲ್ಲ, ಮರವಿದ್ದಲ್ಲಿ ಕಲ್ಲು ಮಾತ್ರ ಬೆಳ್ಳಗೆ ಹೊಳೆಯುತ್ತಿದೆ. ಮಾರಿದ್ದಾನೆ. ಅವ್ವನನ್ನೂ ಸೇರಿಸಿ ಮಾರಿದ್ದಾನೆ.

ದೀಪಾವಳಿಗೆ ಅವ್ವನ ಹತ್ತಿರ ದೀಪ ಹಚ್ಚಿ ಬಂದೆ ಎಂದು ಪಟ ಕಳಿಸಿದ್ದ ಮಹಾನುಭಾವ, ಮೊಬೈಲಿಗೆ ಕೈ ಮುಗಿದಿದ್ದೆ ನಾನು, ಥೂ! ಆ ಪಟದ ಹಣತೆ ಯಾವುದೋ ಸಪಾಟು ಕಲ್ಲಿನ ಮೇಲಿತ್ತು, ಅವ್ವನ ಕಲ್ಲಿನಲ್ಲಿ ಹಣತೆಗೆಂದೇ ಕುಳಿಯಿದೆ, ಬೆಟ್ಟದ ಗಾಳಿಗೆ ದೀಪ ನಿಲ್ಲದೆಂದು ಕಲ್ಲುಕುಟಿಗನಿಗೆ ಹೇಳಿ ನಾನೇ ತೋಡಿಸಿದ್ದು. ಕುಳಿ — ಆ ಕಪ್ಪು ಚುಕ್ಕೆ — ಬಂದವರ ಪಟಗಳಲ್ಲಿ ಹತ್ತಿರದಿಂದ ತೆಗೆದದ್ದು ಇನ್ನೊಂದಿದೆ, ನೋಡಬಾರದು, ನೋಡುತ್ತಿದ್ದೇನೆ. ಅಮ್ಮಾ, ಬುಕ್ ಮಾಡ್ಲಾ, ಬೇಗ ಹೇಳು, ರೂಮ್ ಖಾಲಿಯಾಗುತ್ತೆ. ಮಾಡು, ನಂಗೂ ಸೇರ್ಸಿ ಮಾಡು. ನೀನೂ ಬರ್ತೀಯಾ? ಬರ್ತೀನಿ, ಹೆತ್ತವಳಿಗೆ ದೀಪ ಹಚ್ಚಲು ರೂಮು ಹಿಡಿದುಕೊಂಡು ಬರ್ತೀನಿ, ಕೆಳಗೆ ಅವ್ವ ಕೂತಿದ್ದಾಳೆ, ಮೇಲೆ ಇವರು ಕೂತಿದ್ದಾರೆ, ನಡುವೆ ಅಷ್ಟು ಮಣ್ಣು, ಒಂದು ಕಲ್ಲು, ಕಲ್ಲಿನಲ್ಲಿ ಕುಳಿ, ಕುಳಿಯ ತುಂಬ ಸಿಗರೇಟಿನ ತುಂಡುಗಳು, ಬತ್ತಿ ಇಡುವ ಕಡೆಗೆ ಒರಗಿಸಿದ್ದು ಒಂದು, ಇನ್ನೂ ಹೊಗೆಯಾಡುತ್ತಿದೆ