ಕುರ್ಚಿ ತುಂಬಿಸಲು ಬಂದವಳು

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ತಿನ್ಬೇಡ ಮುಂಡೇ, ಸುಮ್ನೆ ಕೂತಿರು ಅಷ್ಟೇ," ಎನ್ನುತ್ತ ಮ್ಯಾನೇಜರು ಯಾರದೋ ರೇಷ್ಮೆ ಬಟ್ಟೆಯನ್ನು ಪಾತ್ರೆ ತೊಳೆಯುವವಳ ಮೇಲೆ ಎಸೆದ.

ಆ ಭಾರೀ ಹೋಟೆಲಿನೊಳಗಿನ ಪುಟ್ಟ ಜಪಾನಿ ಊಟದ ಕೋಣೆಯಲ್ಲಿ ಇದ್ದದ್ದೇ ಒಂದು ಮರದ ಕಟ್ಟೆ, ಎಂಟು ಕುರ್ಚಿ. ಅಡುಗೆಯವನು ಕಟ್ಟೆಯಾಚೆ ನಿಂತು, ಕಣ್ಣೆದುರೇ ಮೀನು ಕೊಯ್ದು, ಎಲ್ಲರಿಗೂ ಒಟ್ಟಿಗೆ ಬಡಿಸುತ್ತಿದ್ದ. ಇವತ್ತು ಹೋಟೆಲಿನ ಧಣಿಯೇ ಊಟಕ್ಕೆ ಬಂದಿದ್ದಾನೆ, ಒಬ್ಬ ಗಿರಾಕಿ ಕೈಕೊಟ್ಟಿದ್ದಾನೆ. ಖಾಲಿ ಕುರ್ಚಿ ಕಂಡರೆ ಧಣಿಗೆ ಮೈಯೆಲ್ಲ ಉರಿ. ಅದಕ್ಕೇ ಮ್ಯಾನೇಜರಿಗೆ ಈ ಹಾಳು ಬುದ್ಧಿ ಹೊಳೆದದ್ದು. ತುಟಿ ಬಿಚ್ಚಿದರೆ ನಾಳೆಯಿಂದ ಕೆಲಸಕ್ಕೆ ಬರುವುದೇ ಬೇಡ ಎಂದೂ ಹೆದರಿಸಿದ. ಮನೆಯಲ್ಲಿ ಅತ್ತೆ, ಎರಡು ಮಕ್ಕಳು, ದುಡಿಯುವವಳು ಇವಳೊಬ್ಬಳೇ. ಹೂಂ ಅಂದು, ಆ ರೇಷ್ಮೆ ಉಟ್ಟು ಕೂತಳು.

ಅಡುಗೆಯವನು ಅಂಗೈಯಲ್ಲಿ ಅನ್ನ ಒತ್ತಿ, ಮೇಲೊಂದು ಮೀನಿನ ಹೋಳು ಕೂರಿಸಿ ಎಲ್ಲರ ತಟ್ಟೆಗೂ ಇಟ್ಟ. ಇಟ್ಟದ್ದನ್ನು ಆಗಲೇ ತಿನ್ನಬೇಕು, ಬಿಟ್ಟರೆ ಅವನಿಗೆ ಅವಮಾನ. ಆ ಕಟ್ಟೆಯ ರೀತಿಯೇ ಅದು. ಇವಳು ಕೈಕಟ್ಟಿ ಕೂತದ್ದು ನೋಡಿ ಅವನು ಕಣ್ಣು ಮಿಟುಕಿಸಿದ.

"ತಿನ್ನಕ್ಕ. ನನ್ನ ಮರ್ಯಾದೆ ತೆಗೀಬೇಡ."

ಪಕ್ಕದಲ್ಲಿದ್ದ ಧಣಿಯೂ ತಿನ್ನಿ, ತಿನ್ನಿ ಎಂದು ಉಪಚರಿಸಿದ. ಇನ್ನೇನು ಬೇಕು? ಬೆಳಗಿನಿಂದ ಬರೀ ಚಹಾ ಕಂಡಿದ್ದ ಹೊಟ್ಟೆ. ಗುಳುಂ! ಬಾಗಿಲಲ್ಲಿದ್ದ ಮ್ಯಾನೇಜರು ಇಂಗು ತಿಂದ ಮಂಗನಂತಾದ.

ಎರಡನೇ ಸುತ್ತಿಗೆ ಊಟವೇ ನಿಂತುಹೋಯಿತು. ಜಪಾನಿನಿಂದ ತರಿಸಿದ ತಟ್ಟೆಗಳು ಎಂಟೇ ಎಂಟು. ಸುತ್ತು ಸುತ್ತಿಗೂ ತೊಳೆದು ತರಬೇಕು. ತೊಳೆಯುವವಳನ್ನೇ ಊಟಕ್ಕೆ ಕೂರಿಸಿದ ಮಹಾನುಭಾವನಿಗೆ ಅದು ನೆನಪೇ ಆಗಿರಲಿಲ್ಲ. ಈಗ ಅವಳ ಬೆನ್ನ ಹಿಂದೆ ಬಗ್ಗಿ, ಎದ್ದೇಳೇ, ತಟ್ಟೆ ತೊಳಿ, ಇಲ್ಲಾಂದ್ರೆ ಇವತ್ತೇ ಕೊನೆ ಎಂದು ಹಲ್ಲು ಕಡಿದ.

ಅವಳಿಗೆ ಹೆದರಿಕೆಯಾಯಿತು, ಸುಳ್ಳಲ್ಲ. ಮಕ್ಕಳ ಮುಖ ಕಣ್ಣ ಮುಂದೆ ಬಂತು. ಆದರೆ ಹೊಟ್ಟೆಯೊಳಗಿನ ಸಿಟ್ಟು ಹೆದರಿಕೆಗಿಂತ ದೊಡ್ಡದಿತ್ತು.

"ಊಟದ ಮಧ್ಯೆ ಏಳಬಾರ್ದು ಸಾರ್," ಎಂದಳು, ಎಲ್ಲರಿಗೂ ಕೇಳುವಂತೆ. "ತಟ್ಟೆ ನೀವೇ ತೊಳ್ಕೊಂಡು ಬನ್ನಿ."

ಏನಯ್ಯಾ ಗುಸುಗುಸು, ಬೇಗ ತಾ ಎಂದು ಧಣಿ ಗದರಿದ. ಮ್ಯಾನೇಜರು ಎಂಟೂ ತಟ್ಟೆ ಬಾಚಿಕೊಂಡು ಒಳಗೋಡಿದ. ಹೊರಬಂದು ಎಲ್ಲರ ಮುಂದೆ ತಟ್ಟೆ ಇಡುವಾಗ ಅವನ ಕೋಟಿನ ತೋಳು ಮೊಣಕೈವರೆಗೆ ತೊಯ್ದಿತ್ತು.

ನಾಳೆ ಕೆಲಸ ಇಲ್ಲ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ತನ್ನ ತಟ್ಟೆಯನ್ನು ದೀಪಕ್ಕೆ ಹಿಡಿದು, ಅಂಚಿಗೆ ಬೆರಳಾಡಿಸಿ, ಅವನ ಕೈಗೇ ವಾಪಸು ಕೊಟ್ಟಳು.

"ಜಿಡ್ಡು ಹಾಗೇ ಇದೆ. ಹೋಗು, ಇನ್ನೊಂದ್ಸಲ ತೊಳ್ಕೊಂಡು ಬಾ."

ಧಣಿ ತನ್ನ ತಟ್ಟೆಯನ್ನು ಮೂಸಿ ನೋಡಿ, ಅದನ್ನೂ ಮ್ಯಾನೇಜರಿನತ್ತ ಚಾಚಿದ. ಉಳಿದವರೂ ಒಬ್ಬೊಬ್ಬರಾಗಿ ಚಾಚಿದರು.