ನಾಬ್ ಯಾರೂ ನೋಡಲಿಲ್ಲ

ನಾನೂರ ಎಂಬತ್ತೊಂದು, ನಾನೂರ ಎಂಬತ್ತು ವೋಲ್ಟ್ — ಇಳಿಯಲೋ ಬೇಡವೋ ಎನ್ನುತ್ತಿದೆ ಮೀಟರಿನ ಕೊನೆಯ ಅಂಕಿ, ಮೀಟರ್ ಹಿಡಿದ ಅವಳ ಎಡಗೈ ಮಾತ್ರ ಅಲುಗುತ್ತಿಲ್ಲ, ಬಲಗೈಯಲ್ಲಿ ಸ್ಪ್ಯಾನರ್, ಎದುರಿಗೆ ಗಿರಣಿಯ ಮೋಟಾರು ಓಡಿಸುವ ಡ್ರೈವ್ ಹೊಟ್ಟೆ ಬಿಚ್ಚಿಕೊಂಡು ನಿಂತಿದೆ, ಅದರೊಳಗೆ ತಲೆ ತೂರಿಸಿ ಕೂತಿದ್ದಾನೆ ಭಾವ, ಅಕ್ಕನ ಗಂಡ, ಇವಳಿಗೆ ಕೆಲಸ ಕೊಟ್ಟ ಯಜಮಾನ, ಎಷ್ಟಿದೆ ನೋಡೇ ಎನ್ನುತ್ತಾನೆ, ಮೇನ್ ಆಫ್ ಮಾಡಿ ಕಾಲು ಗಂಟೆ ಆಯ್ತು, ಕೆಪಾಸಿಟರ್ ಖಾಲಿ ಆಗಿರ್ಬೇಕು — ಆಗಿಲ್ಲ, ಮೇನ್ ಹೋದರೂ ವಿದ್ಯುತ್ತು ಅದರಲ್ಲಿ ಕೂತೇ ಇದೆ, ಖಾಲಿ ಮಾಡುವ ರೆಸಿಸ್ಟರು ಕರಕಲಾಗಿ ನಿನ್ನ ಮೂಗಿನ ಕೆಳಗೇ ಕೂತಿದೆ, ಅವತ್ತೂ ಹೀಗೇ ಸುಟ್ಟಿತ್ತು — ಬಾಯಲ್ಲಿ ನೀವು, ಮನಸ್ಸಿನಲ್ಲಿ ಮೂರು ತಿಂಗಳಿಂದ ನೀನು, ಅದಕ್ಕಿಂತ ಕೀಳಾದದ್ದೂ ಇದೆ, ಬಾಯಿಗೆ ತರುವಂಥದ್ದಲ್ಲ.

ಅವತ್ತು ಇದೇ ಮೀಟರ್, ಅಳೆದದ್ದು ಭಾವ, ಸೊನ್ನೆ ಕಣೋ, ಕೈ ಹಾಕು ಅಂದ, ಅವಳ ತಮ್ಮ ಒಳಗಿನ ತಾಮ್ರದ ಪಟ್ಟಿಗೆ ಕೈ ಹಾಕಿದ, ಬಿಳೀ ಬೆಳಕು, ಕಿವಿ ಒಡೆಯುವ ಸದ್ದು, ಕರಗಿದ ತಾಮ್ರ ಕೆನ್ನೆಗೆ ಅಂಟಿ ಚರ್ಮ ಸುಯ್ಯೆಂದಿತು, ಅವನು ಕಿರುಚಲಿಲ್ಲ, ಹಲ್ಲು ನಾಲಿಗೆಯನ್ನೇ ಕಚ್ಚಿಕೊಂಡಿದ್ದವು, ಪೊರಕೆಯ ಕೋಲಿನಿಂದ ಹೊಡೆದೂ ಹೊಡೆದೂ ಬಿಡಿಸಿದರು, ಬೆರಳು ಮಾತ್ರ ಪಟ್ಟಿ ಹಿಡಿದಂತೆಯೇ ಮಡಚಿಕೊಂಡು ಉಳಿದವು, ಆಮೇಲೆ ನೆಲದಲ್ಲಿ ಬಿದ್ದಿದ್ದ ಮೀಟರನ್ನು ಅವಳು ಎತ್ತಿಕೊಂಡು ನೋಡಿದ್ದಳು, ಏನನ್ನು ಅಳೆಯಬೇಕೆಂದು ಆರಿಸುವ ನಾಬ್ ಅಲೆಗೆರೆಯ ಮೇಲಿತ್ತು, ಅಂದರೆ ಎಸಿ, ಇರಬೇಕಾದದ್ದು ನೇರ ಗೆರೆಯ ಮೇಲೆ, ಡಿಸಿ, ಕೆಪಾಸಿಟರಿನಲ್ಲಿ ಕೂತ ವಿದ್ಯುತ್ತು ಅಲೆಯಾಡುವುದಿಲ್ಲ, ಅಲೆ ಎಷ್ಟಿದೆ ಅಂತ ಕೇಳಿದರೆ ಈ ಮೀಟರ್ ಅಲೆಯಿಲ್ಲ ಎಂದಷ್ಟೇ ಹೇಳುತ್ತದೆ, ಸುಳ್ಳಲ್ಲ, ಕೇಳಿದ್ದೇ ತಪ್ಪು — ಅಕ್ಕ ಅಳುತ್ತಾ ಕೈ ಹಿಡಿದುಕೊಂಡಳು, ಒಬ್ಬನ್ನ ಕಳ್ಕೊಂಡ್ವಿ, ಇವರನ್ನೂ ಜೈಲಿಗೆ ಕಳಿಸ್ತೀಯಾ, ಇನ್‌ಸ್ಪೆಕ್ಟರು ಬರುವ ಮೊದಲು ಟಕ್ಕೆಂದು ನಾಬನ್ನು ನೇರ ಗೆರೆಗೆ ತಿರುಗಿಸಿದ್ದು ಇದೇ ಹೆಬ್ಬೆರಳು, ಮೀಟರ್ ಸರಿಯಾಗೇ ಇದೆ, ಹುಡುಗ ಅಳೆಯದೆ ಕೈ ಹಾಕಿದ್ದಾನೆ ಎಂದು ಬರೆದುಕೊಂಡರು, ಹೌದು ಸಾರ್ ಅವನಿಗೆ ಯಾವತ್ತೂ ಆತುರ ಅಂದ ಭಾವ, ಹೆಣ ಇನ್ನೂ ಬೆಚ್ಚಗಿತ್ತು.

ಏನೇ ಕೇಳ್ತಾ ಇದೀನಿ, ಎಷ್ಟಿದೆ ಎನ್ನುತ್ತಾನೆ ಭಾವ — ತಮ್ಮ ನಗಿಸುತ್ತಿದ್ದ, ಚಿಕ್ಕಕ್ಕಾ, ಅಮ್ಮನ ಸಿಟ್ಟು ಥೈರಿಸ್ಟರ್ ಸ್ವಿಚ್ಚು, ಒಂದ್ಸಲ ಹತ್ಕೊಂಡ್ರೆ ಕರೆಂಟೇ ಹೋಗ್ಬೇಕು ನಿಲ್ಲೋಕೆ, ನಿಂದು ಐಜಿಬಿಟಿ ಸ್ವಿಚ್ಚು, ಗೇಟಿಗೆ ಹದಿನೈದು ವೋಲ್ಟ್ ಕೊಟ್ರೆ ಆನ್, ತೆಗೆದ್ರೆ ಆಫ್, ಸೆಕೆಂಡಿಗೆ ಸಾವಿರ ಸಲ — ಇಲ್ಲ ಕಣೋ, ನಂದೂ ಅಮ್ಮನದೇ, ಆರುತ್ತಿಲ್ಲ, ಸಾಯಲಿ ಇವನು, ನಾಲಿಗೆ ಕಚ್ಚಿಕೊಂಡು ಸಾಯಲಿ — ಹೆಬ್ಬೆರಳು ಸರಿಯಿತು, ಟಕ್, ಅಲೆಗೆರೆ, ಸೊನ್ನೆ. ನೀವೇ ನೋಡಿ ಭಾವ. ಮೀಟರನ್ನು ಅವನ ಮುಖಕ್ಕೆ ಹಿಡಿದಳು, ಅವನು ಅಂಕಿ ನೋಡಿದ, ನಾಬ್ ನೋಡಲಿಲ್ಲ, ಇವತ್ತೂ ನೋಡಲಿಲ್ಲ, ಸೊನ್ನೆ, ಸರಿ ಎಂದು ಕೈ ಚಾಚಿದ, ಪಟ್ಟಿಗೆ ಒಂದು ಗೇಣು, ನಾಲ್ಕು ಬೆರಳು, ಅವಳಿಗೆ ಹಿತವಾಗುತ್ತಿದೆ, ಎಷ್ಟು ಹಿತ, ಎರಡು ಬೆರಳು — ಆ ಬೆರಳುಗಳು ಮಡಚಿಕೊಳ್ಳುತ್ತಿವೆ, ಹಿಡಿಯಲು, ಥೇಟ್ ತಮ್ಮನ ಹಾಗೆ — ಬೇಡ ಎನ್ನಬೇಕು, ಮಾತಿಗೆ ಹೊತ್ತಿಲ್ಲ, ಸ್ಪ್ಯಾನರ್ ಎತ್ತಿ ಅವನ ಮಣಿಕಟ್ಟಿಗೆ ಬೀಸಿದಳು, ಇದ್ದಬದ್ದ ಬಲವೆಲ್ಲ ಹಾಕಿ, ಮೂಳೆ ಲಟಕ್ಕೆಂದಿತು, ಕೈ ಹಿಂದಕ್ಕೆ ಹಾರಿತು, ಸ್ಪ್ಯಾನರ್ ಜಾರಿ ಎರಡೂ ಪಟ್ಟಿಗಳ ಮೇಲೆ ಅಡ್ಡ ಬಿತ್ತು, ಅದೇ ಬಿಳೀ ಬೆಳಕು, ಅದೇ ಸದ್ದು, ಕೆನ್ನೆಗೆ ಬಿಸಿ ಕಿಡಿ.

ಹೊಗೆ. ಭಾವ ಮುರಿದ ಕೈ ಅವಚಿಕೊಂಡು ಗೋಡೆಗೆ ಒರಗಿದ್ದಾನೆ, ಸೊನ್ನೆ ಇತ್ತಲ್ಲೇ, ನಾನೇ ನೋಡಿದ್ನಲ್ಲೇ ಎನ್ನುತ್ತಾನೆ, ಅವತ್ತೂ ನೀವೇ ನೋಡಿದ್ದು ಭಾವ, ನಾಬ್ ಹೀಗೇ ಇತ್ತು, ತಿರುಗಿಸಿಟ್ಟೋಳು ನಾನು, ಎನ್ನುತ್ತಾಳೆ ಅವಳು, ಇನ್‌ಸ್ಪೆಕ್ಟರಿಗೂ ಹೇಳ್ತೀನಿ, ಅಕ್ಕನಿಗೂ — ಅವನು ಅವಳ ಕೈಯಲ್ಲಿನ ಮೀಟರಿನ ಅಂಕಿಯನ್ನು ಬಿಟ್ಟು ಕಣ್ಣು ಕೆಳಗಿಳಿಸುತ್ತಾನೆ, ನಾಬಿನ ಬಿಳಿ ಗುರುತು, ಅದರ ತುದಿಗೆ ಅಲೆಗೆರೆ, ಕಿರುಬೆರಳ ಉಗುರಿನಷ್ಟೂ ಇಲ್ಲದ ಅಲೆ, ಅವಳು ಹೆಬ್ಬೆರಳು ಎತ್ತಿದಳು, ಇನ್ನು ತಿರುಗಿಸುವುದಿಲ್ಲ, ಆ ಅಲೆ, ಅಲ್ಲೇ, ಆ ಅಲೆ