ತೊಟ್ಟಿಗೆ ಸುತ್ತಿದ ಕಪ್ಪು ಲಂಗ

ಮೊಟ್ಟೆಯೊಡೆದ ಐದನೆಯ ದಿನದ ಬೆಳಿಗ್ಗೆಯೂ ಮಿಗ್ದಾಲಿಯಾ ಗಾಜಿನ ತೊಟ್ಟಿಯ ತಳದಿಂದ ಸತ್ತ ಮೀನುಮರಿಗಳನ್ನು ಕೊಳವೆಯಲ್ಲಿ ಹೀರಿ ತೆಗೆಯುತ್ತಿದ್ದಳು. ಕಣ್ಣರೆಪ್ಪೆಯ ಕೂದಲಿನಷ್ಟು ಸಣ್ಣವು. ಮರಿ ಮಾಡಿಸಿ ಕಳೆದುಕೊಳ್ಳುತ್ತಿರುವುದು ಇದು ಮೂರನೆಯ ಸಲ. ಮೊಟ್ಟೆಯೊಡೆದಾಗ ಇನ್ನೂರಕ್ಕೆ ಕಡಿಮೆ ಇರಲಿಲ್ಲ. ಈಗ ಇಪ್ಪತ್ತೋ ಮೂವತ್ತೋ, ಕಿಟಕಿ ಬದಿಯ ಗಾಜಿಗೆ ಮೂತಿಯೊತ್ತಿಕೊಂಡು ನಿಂತಿದ್ದವು.

ಗೋಡೆಯಾಚೆ ಓರಗಿತ್ತಿ ಎನೈದಾಳ ನಗು. ಅಣ್ಣತಮ್ಮಂದಿರು ನಡುವೆ ಇಟ್ಟಿಗೆಯಿಟ್ಟು ಮನೆಯನ್ನು ಎರಡು ಮಾಡಿಕೊಂಡಿದ್ದರು. ಸದ್ದು ಮಾತ್ರ ಪಾಲಾಗಿರಲಿಲ್ಲ.

ಎನೈದಾಳಿಗೆ ಈ ಕೆಲಸ ಕಲಿಸಿದವಳು ಮಿಗ್ದಾಲಿಯಾಳೇ. ಬಂಡೆಯಾಚೆಯ ತಿಳಿ ಸಮುದ್ರದ ನೀರನ್ನು ಡಬ್ಬದಲ್ಲಿ ತಂದು ಸೋಸುವುದು, ಸೀಸೆಗಳನ್ನು ಬಿಸಿಲಿಗಿಟ್ಟು ಪಾಚಿ ಬೆಳೆಸುವುದು, ಆ ಪಾಚಿ ತಿಂದು ಹೆಚ್ಚುವ ಕಣ್ಣಿಗೆ ಕಾಣದ ಹುಳುಗಳನ್ನು ಮರಿಗಳಿಗೆ ಉಣಿಸುವುದು. ಬೀಜಕ್ಕೆಂದು ಒಂದು ಸೀಸೆ ಹುಳು ಕೊಟ್ಟವಳೂ ಅವಳೇ. ಎನೈದಾಳ ಮೊದಲ ಸಲವೇ ಎಪ್ಪತ್ತು ಮರಿ ಬದುಕಿ ಮೈಮೇಲೆ ನೀಲಿ ಗೆರೆ ಮೂಡಿಸಿಕೊಂಡವು. ಭಾನುವಾರ ಪಾರ್ಕಿನಲ್ಲಿ ಮೀನು ಸಾಕುವವರೆಲ್ಲ ಸೇರಿದಾಗ ಮುದುಕ ಎವೆಲಿಯೊ, "ಕೈಗುಣ ಅಂದ್ರೆ ಇದು! ಮಿಗ್ದಾಲಿಯಾ, ನೀನೂ ಒಸಿ ಇವಳ ಹತ್ರ ಪಾಠ ಹೇಳಿಸ್ಕೊಬಾರ್ದಾ?" ಎಂದಿದ್ದ. ಎಲ್ಲರ ಜೊತೆ ಮಿಗ್ದಾಲಿಯಾಳೂ ನಕ್ಕಿದ್ದಳು. ಮೂರು ದಿನವಾದರೂ ಆ ಮಾತನ್ನು ಮರೆತಿರಲಿಲ್ಲ.

ಮಧ್ಯಾಹ್ನ ಕಾಫಿಯ ನೆಪದಲ್ಲಿ ಆಚೆಮನೆಗೆ ಹೋದಳು. ಮೀನಿನ ಕೋಣೆಯ ಬಾಗಿಲು ಅವಳು ಹೋದಾಗಲೆಲ್ಲ ಮುಚ್ಚಿರುತ್ತಿತ್ತು, ಇವತ್ತು ತೆರೆದಿತ್ತು. ಎನೈದಾ ಕಾಫಿ ಬಗ್ಗಿಸುವಷ್ಟರಲ್ಲಿ ಒಳಗೆ ನಡೆದುಬಿಟ್ಟಳು.

ನಾಲ್ಕು ದಿನದ ಹೊಸ ಮರಿಗಳು. ತೊಟ್ಟಿಯ ನಾಲ್ಕೂ ಬದಿಗೆ ಕಪ್ಪು ಲಂಗವೊಂದನ್ನು ಸುತ್ತಿ ಪಿನ್ನು ಚುಚ್ಚಲಾಗಿತ್ತು. ಬೆಳಕು ಮೇಲಿನಿಂದಷ್ಟೇ. ಬಗ್ಗಿ ನೋಡಿದರೆ ಮರಿಗಳು ನೀರಿನ ತುಂಬ ಧೂಳಿನಂತೆ ಹರಡಿ ನೆಮ್ಮದಿಯಾಗಿ ಮೇಯುತ್ತಿದ್ದವು.

"ಇದೇನೇ, ಮೀನಿಗೂ ಲಂಗ ತೊಡಿಸಿದ್ದೀಯಾ?"

ಬಾಗಿಲಲ್ಲಿ ಎನೈದಾಳ ಮುಖ ಬಿಳಿಚಿತು. "ಸುಮ್ನೆ ಅಕ್ಕಾ."

"ಸುಮ್ನೆ ಯಾರಾದ್ರೂ ಒಳ್ಳೇ ಲಂಗ ಹಾಳ್ಮಾಡ್ತಾರಾ?"

"ಪಕ್ಕದ್ಮನೆ ತೋಮಸಾ ಅಜ್ಜಿ ಹೇಳಿದ್ಲು. ಮರಿಗೆ ಕಣ್ಣು ಬೀಳುತ್ತೆ, ಕಪ್ಪು ಕಟ್ಟು ಅಂತ."

"ಯಾರ ಕಣ್ಣು?"

ಎನೈದಾ ಕರಗಿಹೋದ ಸಕ್ಕರೆಯನ್ನು ಕಲಕುತ್ತಲೇ ಇದ್ದಳು. ಕೊನೆಗೆ ಲೋಟವನ್ನು ಇವಳ ಕೈಗಿತ್ತು, "ತಪ್ಪಾಯ್ತು ಅಕ್ಕಾ. ಈಗ್ಲೇ ಬಿಚ್ಚಾಕ್ತೀನಿ, ನಿನ್ನೆದುರಿಗೇ," ಎಂದು ಪಿನ್ನು ಕಿತ್ತಳು.

ಲಂಗದ ಒಂದು ಮಗ್ಗುಲು ಜಾರಿತು. ಕಿಟಕಿಯ ಬಿಸಿಲು ಒಳನುಗ್ಗಿತು. ಹರಡಿದ್ದ ಮರಿಗಳೆಲ್ಲ ಉಣ್ಣುವುದನ್ನು ಬಿಟ್ಟು ಬೆಳಕಿನತ್ತ ಧಾವಿಸಿ ಗಾಜಿಗೆ ಮೂತಿ ಕುಟ್ಟತೊಡಗಿದವು.

ಮಿಗ್ದಾಲಿಯಾ ಗಾಜಿನ ಹತ್ತಿರಕ್ಕೆ ಬಗ್ಗಿದಳು. ಮೂರು ಸಲವೂ ತನ್ನ ಮರಿಗಳು ಹೀಗೆಯೇ ಕುಟ್ಟಿಕೊಂಡಿದ್ದವು. ತಿನ್ನಲು ಹುಡುಕುತ್ತಿವೆ ಎಂದು ಅವಳು ಇನ್ನಷ್ಟು ಹುಳು ಸುರಿದಿದ್ದಳು. ಹುಳು ಸುತ್ತಲಿದ್ದರೂ ಉಣ್ಣದೆ, ಬೆಳಕಿಗೆ ಹಾಯ್ದೇ ಸತ್ತಿದ್ದವು.

ಎನೈದಾಳ ಕೈ ಎರಡನೆಯ ಪಿನ್ನಿಗೆ ಹೋಯಿತು. ಇನ್ನು ಸುಮ್ಮನಿದ್ದರೆ ಸಾಕು, ನಾಳಿದ್ದಿಗೆ ಎರಡು ತೊಟ್ಟಿಯೂ ಸಮ. ಮಿಗ್ದಾಲಿಯಾ ಕಾಫಿ ಗುಟುಕರಿಸಿದಳು. ಇನ್ನೊಂದು ಗುಟುಕು. ಒಂದು ಮರಿ ಕುಟ್ಟಿ ಮಗುಚಿ, ಸಾವರಿಸಿಕೊಂಡು ಮತ್ತೆ ಬಂದು ಕುಟ್ಟಿತು.

"ಕಟ್ಟು," ಎಂದಳು.

"ಏನು?"

"ಅದನ್ನ ಮತ್ತೆ ಕಟ್ಟೇ. ನನ್ನ ಕಣ್ಣು ಕೆಟ್ಟದ್ದೇ. ನಮ್ಮಮ್ಮನೂ ಹಂಗೇ ಅಂತಿದ್ಲು."

"ಅಯ್ಯೋ, ಹಂಗನ್ಬೇಡ ಅಕ್ಕಾ..."

"ಕಟ್ಟು ಅಂದ್ನಲ್ಲ!"

ಎನೈದಾ ಅಳುತ್ತ ಪಿನ್ನು ಚುಚ್ಚುವವರೆಗೂ ಲಂಗದ ಅಂಚನ್ನು ಮಿಗ್ದಾಲಿಯಾಳೇ ಹಿಡಿದಿದ್ದಳು. ಬೆಳಕಿನ ವಿಷಯ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಮನೆಗೆ ಬಂದು ಚಿಲಕ ಹಾಕಿದಳು. ಅತ್ತೆ ಸತ್ತಾಗ ಉಟ್ಟ ಕಪ್ಪು ಉಡುಪನ್ನು ಪೆಟ್ಟಿಗೆಯಿಂದ ತೆಗೆದು, ಹೊಲಿಗೆ ಹರಿದು, ತೊಟ್ಟಿಗೆ ಸುತ್ತಿದಳು. ಮೇಲಿಂದ ಒಮ್ಮೆ ಬಗ್ಗಿ ನೋಡಬೇಕೆನಿಸಿತು. ನೋಡಲಿಲ್ಲ. ಕುರ್ಚಿ ತಿರುಗಿಸಿ, ತೊಟ್ಟಿಗೆ ಬೆನ್ನು ಹಾಕಿ ಕೂತು, ಮಡಿಲಲ್ಲಿ ತಟ್ಟೆಯಿಟ್ಟುಕೊಂಡು ಕಾಳಿನ ಕಲ್ಲು ಆರಿಸತೊಡಗಿದಳು.